‘ವಯಸ್ಸಿಗೆ ಸಹಜ’ ಎಂಬ ಮಾತಿನ ಹಿಂದೆ

‘ವಯೋಸಹಜ ಕಾಯಿಲೆಯಿಂದ ನಿಧನರಾದರು’. ನಿಧನ ವಾರ್ತೆಗಳಲ್ಲಿ ದಿನವೂ ಕಾಣುವ ಮಾತಿದು. ಯಾವ ಕಾಯಿಲೆ ಎಂದು ಓದುಗರು ಕೇಳುವುದಿಲ್ಲ, ಪತ್ರಿಕೆಯೂ ಹೇಳುವುದಿಲ್ಲ. ಮಂಡಿ ನೋವು, ಮಂದ ದೃಷ್ಟಿ, ಬಾರದ ನಿದ್ದೆ ಎಲ್ಲಕ್ಕೂ ವೈದ್ಯರ ಉತ್ತರ ‘ವಯಸ್ಸಾಯಿತಲ್ಲ, ಸಹಜ’. ಹಲವು ಸಲ ಅದು ನಿಜವೂ ಹೌದು, ರೋಗಿಗೆ ಧೈರ್ಯವೂ ಹೌದು. ಆದರೆ ಏರಿದ ರಕ್ತದೊತ್ತಡವನ್ನೂ ವೈದ್ಯಲೋಕ ಬಹುಕಾಲ ಇದೇ ಮಾತಿನಲ್ಲಿ ಮುಗಿಸಿಬಿಡುತ್ತಿತ್ತು.

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಉಪಕರಣವನ್ನು ಇಟಲಿಯ ವೈದ್ಯ ರಿವಾ-ರೊಚ್ಚಿ 1896ರಲ್ಲಿ ಬಳಕೆಗೆ ತಂದರು. ಅಳೆಯುವುದೇನೋ ಬಂತು, ಅಂಕಿಯ ಅರ್ಥ ಮಾತ್ರ ಬೇಗ ತಿಳಿಯಲಿಲ್ಲ. ವಯಸ್ಸಿಗೆ ನೂರು ಕೂಡಿಸಿದಷ್ಟು ಒತ್ತಡ ಇರಬಹುದು ಎಂಬುದು ರೂಢಿಯ ಲೆಕ್ಕವಾಯಿತು. ಎಪ್ಪತ್ತರ ಅಜ್ಜನಿಗೆ 170 ಇದ್ದರೂ ಚಿಂತೆಯಿಲ್ಲ! ಕಾರಣ ಕಾಣದ ಏರೊತ್ತಡಕ್ಕೆ ‘ಎಸೆನ್ಷಿಯಲ್’ ಎಂಬ ವಿಶೇಷಣವೂ ಅಂಟಿತು. ಬೇರೊಂದು ರೋಗದಿಂದ ಬಂದದ್ದಲ್ಲ ಎಂದಷ್ಟೇ ಅದರ ಅರ್ಥ. ಆದರೆ ಕಿರಿದಾದ ರಕ್ತನಾಳಗಳಲ್ಲಿ ರಕ್ತ ಹರಿಯಲು ಒತ್ತಡ ಏರಲೇಬೇಕು, ಇಳಿಸಿದರೆ ಅಪಾಯ ಎಂದು ನಂಬಿದ್ದ ವೈದ್ಯರಿಗೆ ‘ಅವಶ್ಯಕ’ ಎಂಬ ಅರ್ಥವೂ ಹೊಂದಿಕೊಂಡಿತು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಥೆ ಪ್ರಸಿದ್ಧ. ಅವರ ವೈದ್ಯ ರಾಸ್ ಮೆಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞ. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೊವಾರ್ಡ್ ಬ್ರುಯೆನ್ ಪರೀಕ್ಷಿಸಿದಾಗ ಒತ್ತಡ 186/108 ಇತ್ತು. ಹೃದಯ ಹಿಗ್ಗಿತ್ತು, ಸೋಲತೊಡಗಿತ್ತು. ಬ್ರುಯೆನ್ ಡಿಜಿಟಾಲಿಸ್ ಕೊಟ್ಟರು, ಉಪ್ಪು ಕಡಿಮೆ ಮಾಡಿಸಿದರು. ಒತ್ತಡ ಇಳಿಸಲು ನೆಚ್ಚಬಹುದಾದ ಮಾತ್ರೆ ಆಗ ಇರಲಿಲ್ಲ. ಮೆಕಿಂಟೈರ್ ಮಾತ್ರ ಅಧ್ಯಕ್ಷರ ಆರೋಗ್ಯ ಅವರ ವಯಸ್ಸಿಗೆ ಚೆನ್ನಾಗಿಯೇ ಇದೆ ಎಂದು ಸುದ್ದಿಗಾರರಿಗೆ ಹೇಳುತ್ತಿದ್ದರು. ಯುದ್ಧಕಾಲದ ಗುಟ್ಟೂ ಅದರಲ್ಲಿ ಬೆರೆತಿತ್ತೆನ್ನಿ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆ ದಿನ ಅಳೆದ ಒತ್ತಡ 300/190. ವಯಸ್ಸು 63 ಅಷ್ಟೇ.

1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ಏರೊತ್ತಡವಿದ್ದವರಿಗೆ ಹೃದ್ರೋಗ, ಲಕ್ವ ಹೆಚ್ಚು ಎಂಬುದನ್ನು ಅದು ತೋರಿಸಿಕೊಟ್ಟಿತು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್, ನಮ್ಮ ಸರ್ಪಗಂಧದ ಬೇರು ಒತ್ತಡ ಇಳಿಸುತ್ತದೆ ಎಂದು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಔಷಧಿಯಿಂದ ಒತ್ತಡ ಇಳಿಸಿದರೆ ಲಕ್ವದಂಥ ಆಘಾತಗಳು ತಗ್ಗುತ್ತವೆ ಎಂಬುದು 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದಿಂದ ಖಚಿತವಾಯಿತು.

ನೂರು ಕೂಡಿಸುವ ಲೆಕ್ಕವನ್ನು ವೈದ್ಯರು ಕೈಬಿಟ್ಟಿದ್ದಾರೆ. ‘ಎಸೆನ್ಷಿಯಲ್’ ಎಂಬ ಪದ ರೋಗಿಗಳ ಕಡತದಲ್ಲಿ ಇಂದಿಗೂ ಇದೆ.