ಭೂಸಾರ ರಕ್ಷಣೆ: ರಾಷ್ಟ್ರಗಳ ಒಪ್ಪಂದವೂ ನಮ್ಮ ಹೊಲದ ಬದುವೂ

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯಲ್ಲಿರುವ ಮೇಟಗಳ್ಳಿಯನ್ನು ಬಲ್ಲವರಿಗೆ, ಒಂದು ಗ್ರಾಮವು ಪಟ್ಟಣದಲ್ಲಿ ಸೇರಿಹೋಗುವುದು ಎಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಕಾರ್ಖಾನೆಗಳಿಂದ ಜನರಿಗೆ ಉದ್ಯೋಗವು ದೊರೆತಿರುವುದು ನಿಜ; ಆದರೆ ಕಟ್ಟಡದ ಕೆಳಗಾದ ಮಣ್ಣು ವ್ಯವಸಾಯಕ್ಕೆ ಸುಲಭವಾಗಿ ಮರಳಿ ಬಾರದು. ಆದಕಾರಣ ಸುತ್ತಣ ಗ್ರಾಮಗಳಲ್ಲಿ ಉಳಿದಿರುವ ಕೆಂಪುಮಣ್ಣಿನ ಹೊಲಗಳನ್ನು ಕಾಪಾಡುವ ಹೊಣೆಯು ಗ್ರಾಮದ ಯಜಮಾನರ ಮತ್ತು ಜಮೀನಿನ ಒಡೆಯರ ಮೇಲೆ ಮೊದಲಿಗಿಂತಲೂ ಹೆಚ್ಚಾಗಿ ಬಿದ್ದಿದೆ.

ಈ ಹೊಣೆಯನ್ನು ಈಗ ರಾಷ್ಟ್ರಗಳೂ ಹೊತ್ತಿವೆ. ಭೂಮಿಯು ಬರಡಾಗುವುದನ್ನು ತಡೆಯುವ ಸಲುವಾಗಿ ವಿಶ್ವಸಂಸ್ಥೆಯ ಒಪ್ಪಂದವೊಂದು 1994ನೆಯ ಇಸವಿ ಜೂನ್ 17ರಂದು ಪ್ಯಾರಿಸ್ ನಗರದಲ್ಲಿ ಅಂಗೀಕೃತವಾಯಿತು. 1996ರಲ್ಲಿ ಭಾರತವೂ ಇದನ್ನು ಸ್ಥಿರೀಕರಿಸಿತು. 2019ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಸೇರಿದ ಈ ಒಪ್ಪಂದದ ಸಮ್ಮೇಳನದಲ್ಲಿ, 2030ರೊಳಗೆ 2 ಕೋಟಿ 60 ಲಕ್ಷ ಹೆಕ್ಟೇರ್ ಕೆಟ್ಟ ನೆಲವನ್ನು ಸುಧಾರಿಸುವುದಾಗಿ ನಮ್ಮ ದೇಶವು ಮಾತುಕೊಟ್ಟಿದೆ. ಇಸ್ರೋ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಭೂಪಟಗಳ ಪ್ರಕಾರ, 2018-19ರಲ್ಲಿ ದೇಶದ ವಿಸ್ತೀರ್ಣದಲ್ಲಿ ನೂರಕ್ಕೆ ಸುಮಾರು 30 ಭಾಗವು ಸಾರಗೆಟ್ಟಿದ್ದಿತು.

ಇಂಥ ದೊಡ್ಡ ಲೆಕ್ಕಗಳಿಂದ ನಮ್ಮ ಎರಡು ಎಕರೆಗೆ ಆಗತಕ್ಕದ್ದೇನು ಎಂದು ರೈತರು ಕೇಳುವುದು ನ್ಯಾಯವಾಗಿಯೇ ಇದೆ. ಒಪ್ಪಂದವು ಭೂಮಿಯ ಸ್ಥಿತಿಯನ್ನು ಮೂರು ಗುರುತುಗಳಿಂದ ಅಳೆಯುತ್ತದೆ: ನೆಲದ ಹೊದಿಕೆ, ನೆಲದ ಉತ್ಪನ್ನಶಕ್ತಿ, ಮಣ್ಣಿನಲ್ಲಿರುವ ಸಾವಯವ ಇಂಗಾಲ. ಹೆಸರುಗಳು ಹೊಸವಾದರೂ ಸಂಗತಿಗಳು ಹಳೆಯವು. ಹೊಲವು ಬೋಳಾಗಿದೆಯೇ, ಪೈರು ಸೊಂಪಾಗಿದೆಯೇ, ಮಣ್ಣಿನಲ್ಲಿ ಗೊಬ್ಬರದ ಕಸುವಿದೆಯೇ ಎಂದು ನಮ್ಮ ಹಿರಿಯರು ನೋಡುತ್ತಿದ್ದುದೂ ಇದನ್ನೇ.

ಹೀಗಿದ್ದರೂ ಕೆಲಸವು ನಡೆಯದಿರುವುದಕ್ಕೆ ಮುಖ್ಯ ಕಾರಣವು ತಿಳಿವಳಿಕೆಯ ಕೊರತೆಯಲ್ಲ; ಖರ್ಚೊಬ್ಬರದು, ಲಾಭವೊಬ್ಬರದು ಆಗುವುದೇ ಕಾರಣ. ಮೇಲಿನ ಹೊಲದವರು ಬದುವಿಗೆ ನೆಲ ಬಿಟ್ಟರೆ ಕೆಳಗಿನ ಹೊಲವೂ ಉಳಿಯುತ್ತದೆ. ಬಿಡದಿದ್ದರೆ ಕೆಳಗಿನವರ ಬದುವೂ ಒಡೆಯುತ್ತದೆ. ಒಡೆಯರು ಪಟ್ಟಣದಲ್ಲಿದ್ದು ಸಾಗುವಳಿಯನ್ನು ಬೇರೊಬ್ಬರು ಮಾಡುತ್ತಿರುವಲ್ಲಿ, ಮುಂದಿನ ವರ್ಷ ತನ್ನ ಕೈಯಲ್ಲಿರುವುದೋ ಇಲ್ಲವೋ ಎಂಬ ಹೊಲಕ್ಕೆ ಆತನು ಕೆರೆಗೋಡು ಹೊಡೆಸಲಾರನು. ಭೂಮಿಯ ಹಕ್ಕಿನ ಭದ್ರತೆಗೂ ಮಣ್ಣಿನ ರಕ್ಷಣೆಗೂ ಸಂಬಂಧವಿದೆಯೆಂದು 2019ರ ಸಮ್ಮೇಳನವೂ ನಿರ್ಣಯಿಸಿತು. ಆದುದರಿಂದ ಬದು, ಕೆರೆಗೋಡು ಮುಂತಾದ ಬಹುಕಾಲ ಬಾಳುವ ಸುಧಾರಣೆಗಳ ಖರ್ಚನ್ನು ಒಡೆಯರೇ ವಹಿಸುವುದು ಯುಕ್ತ. ನಿವೇಶನವಾದೀತೆಂಬ ಆಸೆಯಿಂದ ಬೀಳುಬಿಟ್ಟ ಹೊಲಕ್ಕೂ ಇದು ಅನ್ವಯಿಸತಕ್ಕದ್ದು. ಮಳೆಯು ಒಡೆಯರ ಉದ್ದೇಶವನ್ನು ವಿಚಾರಿಸಿ ಸುರಿಯುವುದಿಲ್ಲ.

ಇದು ಸಾಧ್ಯವಾದ ಮಾತೇ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವುಂಟು. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಮಂಜೂರಾದ ಸುಜಲ ಯೋಜನೆಯು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ಒಬ್ಬೊಬ್ಬರ ಹೊಲವನ್ನಲ್ಲ, ಒಂದು ಹಳ್ಳಕ್ಕೆ ನೀರು ಹರಿಯುವ ಇಡೀ ಜಲಾನಯನವನ್ನು ಘಟಕವಾಗಿಟ್ಟುಕೊಂಡು, ಗ್ರಾಮಸ್ಥರ ಸಂಘಗಳೊಡನೆಯೇ ಯೋಜನೆಯನ್ನು ಸಿದ್ಧಪಡಿಸಲಾಯಿತು. ಮೂರನೆಯ ಸುಜಲದಲ್ಲಿ, ನೆರೆಯ ಚಾಮರಾಜನಗರವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಮಣ್ಣಿನ ಆಳ, ಇಳಿಜಾರು, ಸಾರಗಳನ್ನು ಪರೀಕ್ಷಿಸಿ ಭೂಸಂಪನ್ಮೂಲದ ವಿವರಗಳನ್ನು ತಯಾರಿಸಿದರು.

ಯಜಮಾನರು ಮುಂಗಾರಿಗೆ ಮುಂಚೆ ಒಂದೇ ಇಳಿಜಾರಿನ ಹಿಡುವಳಿದಾರರನ್ನೂ ಸಾಗುವಳಿಗಾರರನ್ನೂ, ದುಡಿಯುವ ಹೆಂಗಸರನ್ನೂ ಒಟ್ಟಿಗೆ ಕರೆದು, ನೀರು ಎಲ್ಲಿ ಹುಟ್ಟಿ ಎಲ್ಲಿ ಇಳಿಯುವುದೆಂಬುದನ್ನು ನಡೆದೇ ನೋಡತಕ್ಕದ್ದು. ಬದುವನ್ನು ಮೇಲಿನಿಂದ ಆರಂಭಿಸಿ, ಹೆಚ್ಚಿನ ನೀರು ಹೋಗಲು ಕಲ್ಲಿನ ಕೋಡಿಯನ್ನಿಡಬೇಕು. ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು, ಬದುವಿನ ಮೇಲೆ ಹಸುರುಗೊಬ್ಬರದ ಗ್ಲಿರಿಸಿಡಿಯ ಇರಲಿ. ಗೋಡನ್ನು ಹಾಕುವ ಮೊದಲು ಮಣ್ಣುಪರೀಕ್ಷೆ ಮಾಡಿಸಿರಿ.

ಒಂದು ಎಕರೆಯಿಂದ ಕೇವಲ ಒಂದು ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೆ ಅದರ ತೂಕ ಸುಮಾರು ಐದೂವರೆ ಟನ್. ಕಣ್ಣಿಗೆ ಕಾಣದ ಈ ನಷ್ಟವನ್ನು ಒಂದು ಬಿರುಮಳೆಯೇ ಉಂಟುಮಾಡಬಲ್ಲದು. ದೇಶವು ಕೊಟ್ಟ ಮಾತು ನಡೆಯುವುದೋ ತಪ್ಪುವುದೋ ಎಂಬುದು ಕಡೆಗೆ ಈ ಐದೂವರೆ ಟನ್ ಮಣ್ಣು ನಮ್ಮ ಬದುವಿನೊಳಗೆ ನಿಂತಿತೋ ಇಲ್ಲವೋ ಎಂಬುದನ್ನೇ ಅವಲಂಬಿಸಿದೆ.