ಪೇಟೆ ಗಲ್ಲಿಯಲ್ಲಿ ಚಿತ್ರಕ್ಕೊಂದು ಕಟ್ಟು

ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ಚೌಕಾಸಿ ಮಾಡಿ ಕೊಂಡ ಚಿತ್ರಗಳಲ್ಲಿ ಎಷ್ಟೋ ಸುರುಳಿ ಬಿಚ್ಚದೆ ಬೀರುವಿನ ಮೇಲೆ ಉಳಿದುಬಿಡುತ್ತವೆ. ಪುಣ್ಯ ಮಾಡಿದವು ಮಾತ್ರ ಕಟ್ಟು ಹಾಕಿಸಿಕೊಳ್ಳಲು ಬೆಂಗಳೂರಿನ ಪೇಟೆಗೆ ಬರುತ್ತವೆ. ಅವೆನ್ಯೂ ರಸ್ತೆಯಿಂದ ಗಲ್ಲಿಗೆ ಹೊರಳಿ ಹೋದರೆ ಸಿಗುವ ಕಟ್ಟು ಹಾಕುವ ಅಂಗಡಿಯೊಂದರ ಬಾಗಿಲಲ್ಲಿ ನಿಂತಿದ್ದೇನೆ. ಒಳಗೆ ಗೋಡೆ ತುಂಬ ಫ್ರೇಮಿನ ಪಟ್ಟಿಗಳ ಮಾದರಿ ಮೂಲೆಗಳು: ತೇಗ, ಫೈಬರ್, ಮಟ್ಟಸವಾದ ಕಪ್ಪು, ಬಳ್ಳಿ ಕೆತ್ತಿದ ಚಿನ್ನದ ಬಣ್ಣ. ಬಂದವರೆಲ್ಲ ನೇರ ಆ ಗೋಡೆಗೇ ಹೋಗುತ್ತಾರೆ.

ನನಗಿಂತ ಮುಂಚೆ ಬಂದಿದ್ದ ದಂಪತಿಯ ಕೈಯಲ್ಲಿ 12x16 ಇಂಚಿನ ಜಲವರ್ಣ ಚಿತ್ರ. ಮಳೆ ನಿಂತ ಬೀದಿ, ಒಂದು ಸೈಕಲ್ಲು. "ನಮ್ಮ ಸೋಫಾ ಮೆರೂನು, ಅದಕ್ಕೆ ಹೊಂದೋ ಥರದ್ದು ಕೊಡಿ" ಎಂದರು ಆಕೆ. "ಸೋಫಾ ಹೇಗೂ ಬದಲಾಯಿಸ್ತೀರಮ್ಮ, ಚಿತ್ರ ಇದೇ ತಾನೇ ಇರೋದು" ಎಂದ ಅಂಗಡಿಯ ಹಿರಿಯರು, ಪಟ್ಟಿಯನ್ನು ಮುಟ್ಟದೆ ಮೊದಲು ತಿಳಿಬೂದು ಬಣ್ಣದ ಮೌಂಟ್ ರಟ್ಟನ್ನು ಚಿತ್ರದ ಅಂಚಿಗೆ ಇಟ್ಟರು.

ಆ ರಟ್ಟು ಇರುವುದು ಬರೀ ಅಂದಕ್ಕಲ್ಲ. ಕಾಗದ ಗಾಜಿಗೆ ತಾಗಿಕೊಂಡಿದ್ದರೆ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಬಣ್ಣ ಗಾಜಿಗೇ ಅಂಟುತ್ತದೆ. ಮೌಂಟ್ ಇವೆರಡರ ನಡುವೆ ಒಂದಿಷ್ಟು ಗಾಳಿಗೆ ಎಡೆ ಬಿಡುತ್ತದೆ. ಕೇಳಿ ಪಡೆಯಬೇಕಾದ್ದು ಆಸಿಡ್ ಫ್ರೀ ರಟ್ಟನ್ನು. ಅಗ್ಗದ್ದು ಏನು ಮಾಡುತ್ತದೆ ಎನ್ನುವುದಕ್ಕೆ ಅಲ್ಲೇ ಸಾಕ್ಷಿ ಇತ್ತು. ಗಾಜು ಒಡೆದು ರಿಪೇರಿಗೆ ಬಂದಿದ್ದ ಹಳೆಯ ಚಿತ್ರವೊಂದನ್ನು ಹಿರಿಯರು ಬಿಚ್ಚಿದರು. ರಟ್ಟಿನ ಓರೆ ಅಂಚು ಟೀ ಬಣ್ಣಕ್ಕೆ ತಿರುಗಿತ್ತು. ರಟ್ಟನ್ನು ಎತ್ತಿದರೆ ಕಾಗದದ ಮೇಲೂ ಸುತ್ತ ಅಷ್ಟೇ ಅಳತೆಯ ಕಂದು ಗೆರೆ. ರಟ್ಟು ಬದಲಾಯಿಸಬಹುದು, ಆ ಗೆರೆ ಸುಲಭಕ್ಕೆ ಹೋಗುವುದಿಲ್ಲ.

ಪಟ್ಟಿಯ ಬೆಲೆಯ ಲೆಕ್ಕ ಅಡಿಯ ಮೇಲೆ. ಸುತ್ತ 2 ಇಂಚು ಮೌಂಟ್ ಬಿಟ್ಟರೆ ದಂಪತಿಯ ಚಿತ್ರ 16x20 ಆಗುತ್ತದೆ, ಸುತ್ತಳತೆ 6 ಅಡಿ. ಆದರೆ ನಾಲ್ಕು ಮೂಲೆಯನ್ನೂ 45 ಡಿಗ್ರಿಗೆ ಕತ್ತರಿಸುವುದರಿಂದ ಪಟ್ಟಿಯ ಅಗಲದ ಎಂಟರಷ್ಟು ಹೆಚ್ಚಿಗೆ ಬೇಕು. 1 ಇಂಚಿನ ಪಟ್ಟಿಗೆ 8 ಇಂಚು, 2 ಇಂಚಿನದ್ದಕ್ಕೆ 16. ಬಿಲ್ಲಿನಲ್ಲಿ ಅಡಿ ಜಾಸ್ತಿ ಕಂಡಾಗ ಜಗಳ ಶುರುವಾಗುವುದು ಇಲ್ಲೇ. ಮೂಲೆಯಲ್ಲಿ ಹುಡುಗನೊಬ್ಬ ಯಂತ್ರದ ಪೆಡಲ್ ತುಳಿದ. ಎರಡು ಅಲಗು ಒಟ್ಟಿಗೆ ಇಳಿದು ಪಟ್ಟಿ ಎರಡೂ ಕಡೆ ಓರೆಯಾಗಿ ತುಂಡಾಯಿತು.

ಮೇಜಿನ ಮೇಲೆ ಮೈಸೂರು ಶೈಲಿಯ ಗಜಲಕ್ಷ್ಮಿ. ಇದರ ಜೆಸ್ಸೊ (ರೇಕಿನ ಕೆಳಗಿನ ಲೇಪ) ಕೆಲಸ ತಂಜಾವೂರಿನದರಷ್ಟು ಉಬ್ಬಿರುವುದಿಲ್ಲ, ಆದರೂ ಗಾಜು ತಾಗಿದರೆ ಚಿನ್ನದ ರೇಕು ಸವೆಯುತ್ತದೆ. ಹಾಗಾಗಿ ಗಾಜಿಗೂ ಚಿತ್ರಕ್ಕೂ ನಡುವೆ ಅಂಚಿನಲ್ಲಿ ಸಣ್ಣ ಪಟ್ಟಿ ಕೊಟ್ಟು ಅಂತರ ಉಳಿಸುತ್ತಾರೆ. ಇದಕ್ಕೂ ಥಳಥಳ ಚಿನ್ನದ ಫ್ರೇಮನ್ನೇ ಕೇಳುವವರು ಹೆಚ್ಚು. ನನ್ನ ಕಣ್ಣಿಗಂತೂ ಹೊರಗಿನ ಹೊಳಪಿನ ಎದುರು ಒಳಗಿನ ಅಸಲಿ ಚಿನ್ನವೇ ಮಂಕಾಗುತ್ತದೆ. ಕಂದು ತೇಗ ಸಾಕು. ಕ್ಯಾನ್ವಾಸಿನ ತೈಲವರ್ಣಕ್ಕೆ ಗಾಜೇ ಬೇಡ. ಚಿತ್ರದ ಅಂಚಿಗೂ ಕಟ್ಟಿಗೂ ನಡುವೆ ಸಂದು ಬಿಡುವ ಫ್ಲೋಟರ್ ಫ್ರೇಮ್ ಹೊಂದುತ್ತದೆ.

ಮುಂಭಾಗಕ್ಕೆ ಅರ್ಧ ಗಂಟೆ ಹುಡುಕಾಡಿದವರೂ ಹಿಂಭಾಗ ನೋಡುವುದಿಲ್ಲ. ಹಿಂದಿನ ಹಲಗೆ ಗಟ್ಟಿಯಿರಬೇಕು, ಸಂದಿಗೆಲ್ಲ ಟೇಪು ಬೀಳಬೇಕು, ಇಲ್ಲದಿದ್ದರೆ ಬೆಳ್ಳಿಮೀನು ಹುಳ ಒಳಗೆ ಸೇರಿ ಕಾಗದ ಮೇಯುತ್ತದೆ. ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಹೂಡಿದ ಪ್ರೆಸ್ಸಿನ ದೇವರ ಚಿತ್ರಗಳು ಹಳೆಯ ಮನೆಗಳಲ್ಲಿ ಬಾಗಿಲ ಮೇಲೆ ಮುಂದಕ್ಕೆ ಬಾಗಿ ನಿಂತಿರುತ್ತಿದ್ದವಲ್ಲ, ಕೆಳಗೆ ಕೂತವರಿಗೆ ಕಾಣಲೂ ಅನುಕೂಲ, ಹಿಂದೆ ಗಾಳಿಗೂ ದಾರಿ.

ದಂಪತಿ ಕೊನೆಗೆ 1 ಇಂಚಿನ ತೇಗ, ಬೂದು ಮೌಂಟ್ ಒಪ್ಪಿ ಮುಂಗಡ ಕೊಟ್ಟರು. "ಬಿಸಿಲು ಬೀಳೋ ಗೋಡೆ ಬೇಡ, ಬಚ್ಚಲ ಪಕ್ಕದ್ದೂ ಬೇಡ" ಎಂದ ಹಿರಿಯರು ರಸೀದಿ ಹರಿದು ಕೊಟ್ಟು, ಪಕ್ಕದಲ್ಲಿದ್ದವರ ಮದುವೆ ಫೋಟೋದತ್ತ ಕೈ ಚಾಚಿದರು.