ಬೆರಳಿನ ಹರಕೆ: ಸಮಾಜ ಸಂಶೋಧನೆಯಲ್ಲಿ ಮೌಲ್ಯಮುಕ್ತತೆಯ ಪ್ರಶ್ನೆ

ಸಮಾಜ ಸಂಶೋಧನೆಯು ವಸ್ತುನಿಷ್ಠವಾಗಿರಬೇಕೆಂಬುದು ಸರ್ವಸಮ್ಮತವಾದ ಮಾತು. ಆದರೆ ಸಂಶೋಧಕನೂ ಒಂದು ಜಾತಿಗೆ, ಲಿಂಗಕ್ಕೆ, ವರ್ಗಕ್ಕೆ ಸೇರಿದವನಾಗಿರುವಾಗ ಅವನ ಅಧ್ಯಯನವು ಮೌಲ್ಯಗಳಿಂದ ಸಂಪೂರ್ಣ ಮುಕ್ತವಾಗಿರಬಲ್ಲುದೇ ಎಂಬುದು ಇಂದಿಗೂ ಚರ್ಚಾಸ್ಪದವಾಗಿದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ (1864–1920) ಈ ಪ್ರಶ್ನೆಯನ್ನು ಎರಡಾಗಿ ಬಿಡಿಸಿ ನೋಡಿದರು. ಅಧ್ಯಯನಕ್ಕೆ ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಮೌಲ್ಯಗಳೇ ನಿರ್ಧರಿಸುತ್ತವೆ. ಆದರೆ ಆರಿಸಿಕೊಂಡ ಮೇಲೆ ‘ಏನಿದೆ’ ಎಂಬುದರೊಡನೆ ‘ಏನಿರಬೇಕು’ ಎಂಬುದನ್ನು ಬೆರೆಸಕೂಡದು ಎಂಬುದು ಅವರ ನಿಲುವು. ಈ ವಿಭಜನೆಯ ಉಪಯುಕ್ತತೆಯನ್ನೂ ಮಿತಿಯನ್ನೂ ಅರಿಯಲು ದೇವನಹಳ್ಳಿ ಸೀಮೆಯ ಒಂದು ಹಳೆಯ ಆಚರಣೆ ನೆರವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್, 1810ರಿಂದ 1817ರವರೆಗೆ ಪ್ರಕಟವಾದ ತಮ್ಮ ದಕ್ಷಿಣ ಭಾರತದ ಇತಿಹಾಸ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಮೊರಸು ಒಕ್ಕಲಿಗರ ಒಂದು ಒಳಪಂಗಡದಲ್ಲಿ, ಹಿರಿಯ ಮಗಳ ಕಿವಿ ಚುಚ್ಚಿಸುವ ಮುನ್ನ ತಾಯಿಯು ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳುಗಳ ತುದಿಗೆಣ್ಣನ್ನು ದೇವರಿಗೆ ಒಪ್ಪಿಸಬೇಕಾಗಿತ್ತು. ಊರಿನ ಕಮ್ಮಾರನು ಉಳಿಯಿಂದ ಆ ಕಾರ್ಯವನ್ನು ನೆರವೇರಿಸುತ್ತಿದ್ದನು. ಇದರ ಹಿಂದಿನ ಐತಿಹ್ಯ ಹೀಗಿದೆ: ರಕ್ಕಸನಿಗೆ ಅಂಜಿ ಅಡಗಿದ್ದ ಶಿವನ ತಾಣವನ್ನು ಒಬ್ಬ ಒಕ್ಕಲಿಗನು ಕಿರುಬೆರಳಿನಿಂದ ತೋರಿಸಿಬಿಟ್ಟನು. ಶಿವನು ಆ ಬೆರಳನ್ನು ಕತ್ತರಿಸಲು ಮುಂದಾದಾಗ, ಹೊಲಕ್ಕೆ ಬುತ್ತಿ ತಂದಿದ್ದ ಹೆಂಡತಿಯು, ಗಂಡನ ಕೈ ಕೆಟ್ಟರೆ ಬೇಸಾಯ ನಿಲ್ಲುವುದೆಂದು ಮೊರೆಯಿಟ್ಟು, ಅವನ ಒಂದು ಬೆರಳಿಗೆ ಬದಲಾಗಿ ತನ್ನ ಎರಡು ಬೆರಳುಗಳನ್ನು ಕೊಡಲೊಪ್ಪಿದಳು. ಮುಂದೆ ಬೆರಳು ಕತ್ತರಿಸುವುದು ನಿಷೇಧಕ್ಕೊಳಗಾಗಿ, ಚಿನ್ನಬೆಳ್ಳಿಯ ತುಣುಕು ಇಲ್ಲವೆ ಹೂವನ್ನು ಅರ್ಪಿಸುವ ಸಾಂಕೇತಿಕ ರೂಪ ಅದರ ಸ್ಥಾನಕ್ಕೆ ಬಂದಿತು. ಎಡ್ಗರ್ ಥರ್ಸ್ಟನ್ನರ 1909ರ ಸಂಪುಟಗಳಲ್ಲಿಯೂ ಈ ಆಚರಣೆಯ ವಿವರಗಳಿವೆ.

ಇಲ್ಲಿ ವಾಸ್ತವಾಂಶದ ಬಗ್ಗೆ ವಿವಾದವಿಲ್ಲ; ವಿವಾದವಿರುವುದು ಅದರ ಅರ್ಥದ ಬಗ್ಗೆ. ಆಡಳಿತಗಾರನ ಕಣ್ಣಿಗೆ ಮೊದಲು ಕಾಣುವುದು ಕ್ರೌರ್ಯ ಮತ್ತು ಅದನ್ನು ತಡೆಯುವ ಹೊಣೆ. ಜಾತಿ ವಿವರಣಕಾರನಿಗೆ ಅದು ಒಂದು ಪಂಗಡವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು. ಜಾನಪದ ವಿದ್ವಾಂಸನಿಗೆ ಅದು ಬೇಸಾಯವನ್ನುಳಿಸಿದ ಹೆಣ್ಣಿನ ತ್ಯಾಗದ ಕಥೆ. ಮೂರನೆಯ ಓದು ಮೊದಲ ಎರಡಕ್ಕಿಂತ ಸಹಾನುಭೂತಿಯುಳ್ಳದ್ದಾಗಿ ತೋರಿದರೂ ಮೌಲ್ಯಮುಕ್ತವಲ್ಲ. ತ್ಯಾಗವೆಂದು ಕರೆದ ಕೂಡಲೇ, ಗಂಡನ ತಪ್ಪಿಗೆ ಹೆಂಡತಿಯೂ ಅವಳ ಮುಂದಿನ ಪೀಳಿಗೆಯ ಹೆಣ್ಣುಗಳೂ ಏಕೆ ದಂಡ ತೆರಬೇಕೆಂಬ ಪ್ರಶ್ನೆ ಮರೆಯಾಗುತ್ತದೆ. ಕ್ರೌರ್ಯವೆಂದಷ್ಟೇ ಕರೆದರೆ, ಬೆರಳಿಗೆ ಬದಲು ಹೂವನ್ನಿಟ್ಟು ಹರಕೆಯನ್ನು ಉಳಿಸಿಕೊಂಡವರ ಜಾಣ್ಮೆ ಕಾಣದೆ ಹೋಗುತ್ತದೆ. ಅಂದರೆ ಮೌಲ್ಯವು ವಿಷಯದ ಆಯ್ಕೆಯಲ್ಲಿ ಮಾತ್ರವಲ್ಲದೆ, ವಿವರಿಸಲು ಬಳಸುವ ಪದದಲ್ಲಿಯೂ ಕೆಲಸ ಮಾಡುತ್ತದೆ. ವೆಬರರ ವಿಭಜನೆ ಎದುರಿಸಬೇಕಾದ ತೊಡಕು ಇದೇ.

ಹಾಗಾದರೆ ವಸ್ತುನಿಷ್ಠತೆ ಬರಿಯ ಭ್ರಮೆಯೇ? ಹಾಗೆನ್ನಲಾಗದು. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ‘ರಾಮಪುರ’ದಲ್ಲಿ ಕ್ಷೇತ್ರಕಾರ್ಯ ನಡೆಸಿದರು. 1970ರ ಬೆಂಕಿ ಅನಾಹುತದಲ್ಲಿ ಟಿಪ್ಪಣಿಗಳಿಗೆ ಹಾನಿಯಾದ ಮೇಲೆ, ಬಹುಮಟ್ಟಿಗೆ ನೆನಪನ್ನು ಆಧರಿಸಿ ಬರೆದ 1976ರ ಗ್ರಂಥದಲ್ಲಿ, ತಮ್ಮ ಬ್ರಾಹ್ಮಣ ಹಿನ್ನೆಲೆ ಮತ್ತು ಊರಿನ ಮುಖಂಡರೊಡನಿದ್ದ ಸಾಮೀಪ್ಯವು ತಮ್ಮ ನೋಟವನ್ನು ಹೇಗೆ ರೂಪಿಸಿತೆಂಬುದನ್ನು ಅವರು ಮರೆಮಾಚಲಿಲ್ಲ. ಆ ನಿವೇದನೆಯಿಂದ ಗ್ರಂಥದ ಬೆಲೆ ಕುಗ್ಗಲಿಲ್ಲ. ಊರಿನ ಯಾವ ಕೇರಿಯಿಂದ ಊರನ್ನು ನೋಡಲಾಗಿದೆ ಎಂಬುದು ತಿಳಿದರೆ, ಉಳಿದ ಕೇರಿಗಳಿಂದ ಅದನ್ನು ಪರಿಶೀಲಿಸಲು ಮುಂದಿನವರಿಗೆ ಹಾದಿ ತೆರೆಯುತ್ತದೆ.

ಆದುದರಿಂದ ವಸ್ತುನಿಷ್ಠತೆಯೆಂಬುದು ಸಂಶೋಧಕನ ಮನಸ್ಸಿನ ಶೂನ್ಯಸ್ಥಿತಿಯಲ್ಲ, ಅದೊಂದು ಕಾರ್ಯಶಿಸ್ತು. ವಕ್ತೃವಿನ ಮಾತನ್ನೂ ಸಂಶೋಧಕನ ವ್ಯಾಖ್ಯಾನವನ್ನೂ ಬೇರ್ಪಡಿಸಿಡುವುದು, ಯಾರು ಯಾರ ಸಮ್ಮುಖದಲ್ಲಿ ಹೇಳಿದರೆಂಬುದನ್ನು ದಾಖಲಿಸುವುದು, ತನ್ನ ನಿಲುವಿಗೆ ಒಗ್ಗದ ಸಾಕ್ಷ್ಯವನ್ನೂ ಕೈಬಿಡದಿರುವುದು ಅದರ ಅಂಗಗಳು. ದೇವನಹಳ್ಳಿ ಸೀಮೆಯ ಬೆರಳಿನ ಹರಕೆಯನ್ನು ಮತ್ತೆ ಅಧ್ಯಯನಕ್ಕೆತ್ತಿಕೊಳ್ಳುವವರು ಐತಿಹ್ಯವನ್ನು ಗಂಡಸರಿಂದ ಕೇಳಿ ತೃಪ್ತರಾಗಬಾರದು. ಹರಕೆ ಹೊತ್ತ ಮನೆತನಗಳ ಹೆಣ್ಣುಮಕ್ಕಳು ಅದೇ ಕಥೆಯನ್ನು ಹೇಗೆ ಹೇಳುತ್ತಾರೆ, ಎಲ್ಲಿ ಮೌನವಾಗುತ್ತಾರೆ ಎಂಬುದನ್ನೂ ಬರೆದಿಡಬೇಕು. ಆಗ ಮಾತ್ರ ದಾಖಲೆ ಪೂರ್ಣತೆಯತ್ತ ಸಾಗುತ್ತದೆ.